ಭೋಜಣ್ಣನ ಕೋಣೆಯ ಬಾಯ್ಲರ್

ಲಂಡನ್ನಿನ ಸ್ಟ್ಯಾನ್ಮೋರ್‌ನ ಉದಯಶಂಕರ್ ಅವರ ಮನೆಯಲ್ಲಿ ಐದು ಮಲಗುವ ಕೋಣೆಗಳಿದ್ದವು, ಆರನೆಯದು ಭೋಜಣ್ಣನದು. ಅದನ್ನು ಕೋಣೆಯೆಂದು ಕರೆದರೆ ಉಳಿದ ಕೋಣೆಗಳಿಗೆ ಬೇಸರವಾದೀತು. ಗ್ಯಾರೇಜಿನ ಹಿಂಭಾಗಕ್ಕೆ ಹಲಗೆಯ ಗೋಡೆ ಕೊಟ್ಟು ಮಾಡಿದ ಜಾಗ. ಒಳಗೆ ಒಂದು ಮಂಚ, ಒಂದು ಪೆಟ್ಟಿಗೆ, ಮಂಚಕ್ಕಿಂತ ದೊಡ್ಡದಾದ ಒಂದು ಬಾಯ್ಲರ್. ಕಾಲು ನೀಡಬೇಕೆಂದರೆ ಭೋಜಣ್ಣ ಮೊದಲು ಬಾಯ್ಲರಿನ ಅಪ್ಪಣೆ ಪಡೆಯಬೇಕಿತ್ತು. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರುಗಳು ಮನೆಯಲ್ಲೆಲ್ಲ ಇದ್ದವು, ಇಲ್ಲಿ ಮಾತ್ರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಆ ಹಳೆ ಬಾಯ್ಲರ್ ಹೊಟ್ಟೆಯ ಬೆಂಕಿಯನ್ನು ಮೈಯಿಂದಲೂ ಸೂಸುತ್ತಿತ್ತು. ಜನವರಿಯಲ್ಲಿ ಹೊರಗೆ ನರಿಗಳು ಹೆಪ್ಪುಗಟ್ಟಿ ಕಲ್ಲಿನ ಗೊಂಬೆಗಳಂತೆ ನಿಂತಿದ್ದಾಗಲೂ ಭೋಜಣ್ಣ ಒಳಗೆ ಬನಿಯನ್ನಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ.

ಕುಂದಾಪುರದ ಕಡೆಯವನು. ಕಿಂಗ್ಸ್‌ಬರಿಯ ಒಂದು ಹೋಟೆಲಿಗೆ ದೋಸೆ ಹುಯ್ಯಲು ಬಂದಿದ್ದ. ಅಲ್ಲಿ ಹುಯ್ದ ದೋಸೆಗಳನ್ನು ಸಾಲಾಗಿ ಹಾಸಿದ್ದರೆ ಅವುಗಳ ಮೇಲೆಯೇ ಊರಿಗೆ ನಡೆದು ಹೋಗಬಹುದಿತ್ತು, ನಡುವಿನ ಸಮುದ್ರದ ಪರಿವೆ ಇಲ್ಲದೆ. ಹೋಟೆಲು ಮುಚ್ಚಿದಾಗ ಅದರ ಖಾಯಂ ಗಿರಾಕಿ ಉದಯಶಂಕರ್, ದೋಸೆಯನ್ನು ಬಿಟ್ಟಿರಲಾರದೆ ಭೋಜಣ್ಣನನ್ನು ಮನೆಗೆ ಕರೆತಂದರು. ಬಂದವರಿಗೆಲ್ಲ ನಮ್ಮ ಮನೆಯವರೇ ಎಂದು ಪರಿಚಯಿಸುತ್ತಿದ್ದರು. ಪರಿಚಯ ಮುಗಿದ ಮೇಲೆ ಈ ಮನೆಯವರು ಲೋಟ ತೊಳೆಯಲು ಹೋಗುತ್ತಿದ್ದರು. ಹೀಗೆ ಹನ್ನೆರಡು ವರ್ಷ.

ದೋಸೆಯ ಗುಟ್ಟೂ ಆ ಬಾಯ್ಲರಿನಲ್ಲೇ ಇತ್ತು. ಶುಕ್ರವಾರ ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಅದರ ನೆತ್ತಿಯ ಮೇಲಿಟ್ಟರೆ, ಶನಿವಾರ ಬೆಳಿಗ್ಗೆ ಹಿಟ್ಟು ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಹೊರಗೆ ಇಣುಕುತ್ತಿತ್ತು.

ಬಾಯ್ಲರಿಗೂ ಮುಪ್ಪು ಬಂತು. ನೀರಿನ ಒತ್ತಡ ತೋರಿಸುವ ಮುಳ್ಳು ದಿನವೂ ಕೆಳಗಿಳಿಯುತ್ತಿತ್ತು. ಭೋಜಣ್ಣ ಎದ್ದವನೇ, ಹಲ್ಲುಜ್ಜುವ ಮೊದಲು, ಕೆಳಗಿನ ತಿರುಪು ತಿರುಗಿಸಿ ಅದಕ್ಕೆ ನೀರು ಕುಡಿಸುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ. ಹೊಸದು ಬೇಕೇ ಬೇಡವೇ, ಗ್ಯಾಸಿನದೇ ಇರಲೇ, ಅಂಗಳದಲ್ಲಿಡುವ ಹೀಟ್ ಪಂಪ್ ಆಗಲೇ ಎಂದು ಗಂಡ ಹೆಂಡತಿ ಮೂರು ಚಳಿಗಾಲ ಚರ್ಚಿಸಿದರು. ಉದಯಶಂಕರ್ ಲ್ಯಾಪ್‌ಟಾಪಿನಲ್ಲಿ ಹಾಕಿದ ಸಾಧಕ ಬಾಧಕಗಳ ಪಟ್ಟಿ ಬೆಳೆದು ಬೆಳೆದು ಅದರ ಕೊನೆಯ ಸಾಲುಗಳು ಪಕ್ಕದ ಕೌನ್ಸಿಲಿನ ಸರಹದ್ದಿಗೆ ಸೇರುತ್ತಿದ್ದವು. ಹೆಂಡತಿ ಕಲ್ಯಾಣಿಯಮ್ಮನಿಗೆ ಬಾಯ್ಲರಿನ ಗುಡುಗು ನಿಂತರೆ ಸಾಕಿತ್ತು.

ಭೋಜಣ್ಣನ ಯೋಚನೆ ಬೇರೆ. ಊರಿನ ಬಚ್ಚಲಲ್ಲಿ ಹಳೆ ಹಂಡೆ ತೆಗೆದು ಹೊಸದನ್ನು ಹೂತರೆ ಒಲೆ ಇನ್ನಷ್ಟು ಹುರುಪಿನಿಂದ ಉರಿದು ಬಚ್ಚಲೆಲ್ಲ ಬೆಚ್ಚಗಾಗುವುದನ್ನು ಅವನು ಕಂಡಿದ್ದ. ಹಳೆಯದೇ ಇಷ್ಟು ಕಾಯಿಸಿದರೆ ಹೊಸದು ಎಷ್ಟು ಕಾಯಿಸೀತು! ಮೇಲಾಗಿ ಈ ಮುದುಕ ನಡುಚಳಿಯಲ್ಲಿ ಸತ್ತರೆ, ಪಟ್ಟಿ ಮುಗಿಯುವವರೆಗೆ ತಾನು ನಡುಗಬೇಕಲ್ಲ ಎಂಬ ಭಯ. ನವೆಂಬರಿನ ಒಂದು ಸೋಮವಾರ ಅವನು ತಿರುಪು ಮುಟ್ಟಲಿಲ್ಲ. ಮಂಗಳವಾರವೂ ಮುಟ್ಟಲಿಲ್ಲ. ಬುಧವಾರ ಷವರಿನ ತಣ್ಣೀರಿನ ಕೆಳಗೆ ಕಲ್ಯಾಣಿಯಮ್ಮ ಹಾಕಿದ ಕೂಗಿಗೆ ಜುಬಿಲಿ ಲೈನಿನ ರೈಲೊಂದು ನಿಂತೇಬಿಟ್ಟಿತಂತೆ.

"ಜೀವ ಹೋಯ್ತ್ ಸಾರ್," ಎಂದ ಭೋಜಣ್ಣ, ಬಾಯ್ಲರಿನ ಮೈ ಸವರುತ್ತ. "ಇನ್ ಹೊಸ್ದೇ ಆಯ್ಕ್."

ಸೌತ್‌ಹಾಲ್‌ನಿಂದ ಇಂಜಿನಿಯರ್ ಬಂದ. ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಹಿಡಿದಿದ್ದ. ತಾತ್ಕಾಲಿಕವಾಗಿ ಬಾಯ್ಲರ್ ಹೊತ್ತಿಸಿ, ಮನೆಯೆಲ್ಲ ಸುತ್ತಿ ತೋರಿಸಿದ: ಐದು ಕೋಣೆಗಳೂ ನೀಲಿ. ಭೋಜಣ್ಣನ ಕೋಣೆಯ ಬಾಗಿಲು ತೆರೆದಾಗ ಪರದೆ ಬ್ಯಾಡಗಿ ಮೆಣಸಿನಕಾಯಿಯಾಯಿತು. ನಿಮ್ಮ ಗ್ಯಾಸಿನಲ್ಲಿ ಕಾಲು ಭಾಗ ಈ ಉಗ್ರಾಣಕ್ಕೇ ಹೋಗುತ್ತಿದೆ ಎಂದ. ಉಗ್ರಾಣವಲ್ಲ ಎಂದು ಯಾರೂ ತಿದ್ದಲಿಲ್ಲ.

"ಹನ್ನೆರಡು ವರ್ಷ ನಮ್ಮ ಬಿಸಿಯೆಲ್ಲಾ ನೀವೇ ತಿಂದ್ರಲ್ಲಾ ಭೋಜಣ್ಣ," ಎಂದರು ಕಲ್ಯಾಣಿಯಮ್ಮ. "ಇನ್ಮೇಲೆ ನಮಗೂ ಸ್ವಲ್ಪ ಸಿಗ್ಲಿ."

ಎಲ್ಲರೂ ನಕ್ಕರು. ಭೋಜಣ್ಣನೂ ನಕ್ಕ, ಅದೂ ಕೆಲಸದ ಭಾಗವೇ.

ಹೊಸ ಬಾಯ್ಲರ್ ಅದೇ ಕೋಣೆಯ ಗೋಡೆಯ ಮೇಲೆ ಬಿಳಿ ಡಬ್ಬಿಯಂತೆ ಕುಳಿತಿತು. ಬಿಸಿ ಸೋರದಂತೆ ಪೈಪುಗಳಿಗೆಲ್ಲ ಸ್ಪಂಜಿನ ಕವಚ. ಭೋಜಣ್ಣನೇ ಕುಂಕುಮವಿಟ್ಟು ನಿಂಬೆಹಣ್ಣು ಕತ್ತರಿಸಿದ. ಇಂಜಿನಿಯರ್ ಎಲ್ಲರ ಕೈಯಲ್ಲೂ ಅದನ್ನು ಮುಟ್ಟಿಸಿದ. ಒಳಗೆ ಧಗಧಗ ಉರಿಯುತ್ತಿದ್ದರೂ ಹೊರಗೆ ತಣ್ಣಗೆ. ಎಷ್ಟು ತಣ್ಣಗಿದೆ ನೋಡು ಎಂದು ಗಂಡ ಹೆಂಡತಿ ಸರದಿಯ ಮೇಲೆ ಮುಟ್ಟಿ ಸಂತೋಷಪಟ್ಟರು. ಕೊನೆಗೆ ಮುಟ್ಟಿದ ಭೋಜಣ್ಣ ಕೈಯನ್ನು ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ.

ಇಲ್ಲೊಂದು ಸಣ್ಣ ರೇಡಿಯೇಟರ್ ಆದೀತೇ ಎಂದು ಕೇಳಿದ. ಉದಯಶಂಕರ್ ಅದನ್ನು ಹೊಸದೊಂದು ಪಟ್ಟಿಯಲ್ಲಿ ಬರೆದುಕೊಂಡರು. ಬೇಸಿಗೆ ಬರಲಿ ಎಂದರು.

ಆಮೇಲಿನ ಚಳಿಯನ್ನು ಏನು ಹೇಳುವುದು. ಭೋಜಣ್ಣ ಸಂಜೆ ಆಡಿದ ಮಾತು ಗಾಳಿಯಲ್ಲೇ ಗಟ್ಟಿಯಾಗಿ, ಬೆಳಿಗ್ಗೆ ಗುಡಿಸುವಾಗ ಪೊರಕೆಗೆ ಸಿಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆದರೆ ಶನಿವಾರ ನೆಂಟರ ಮುಂದೆ, ಹಿಟ್ಟು ಉಬ್ಬದೆ, ದೋಸೆ ಮಂಗಳೂರು ಹೆಂಚಿನಂತೆ ಬಿತ್ತು. ಕಲ್ಯಾಣಿಯಮ್ಮ, ವರ್ಷಗಳ ಮೇಲೆ ಮೊದಲ ಸಲ, ತಾವಾಗಿ ಆ ಕೋಣೆಗೆ ಬಂದು ಪಾತ್ರೆಯ ಮೇಲೆ ಅಂಗೈ ಇಟ್ಟರು.

"ಅಯ್ಯೋ ಪಾಪ," ಎಂದರು. "ಇಷ್ಟು ಚಳೀಲಿ ಹೇಗೆ ಉಬ್ಬತ್ತೆ ಹಿಟ್ಟು?"

ಈ ಸಲ ಪಟ್ಟಿ ಬೇಕಾಗಲಿಲ್ಲ. ಹಿಟ್ಟಿಗೆ ನಡುಮನೆಯ ದೊಡ್ಡ ರೇಡಿಯೇಟರಿನ ಪಕ್ಕ ಜಾಗವಾಯಿತು. ಪಾತ್ರೆಗೆ ಸುತ್ತಲು ದಪ್ಪನೆಯದು ಏನಾದರೂ ಬೇಕಿತ್ತು; ಭೋಜಣ್ಣನ ಮಂಚದ ಮೇಲಿದ್ದ ಊರಿನ ಕಂಬಳಿ ಕೈಗೆ ಸಿಕ್ಕಿತು.

ಮುಂದಿನ ಶುಕ್ರವಾರ ಸಂಜೆ ಭೋಜಣ್ಣ ಕೋಟು, ಟೊಪ್ಪಿಯಲ್ಲಿ ಬಂದು ಪಾತ್ರೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತ. ಹಿಟ್ಟು ಉಬ್ಬಿದೆಯೇ ಎಂದು ನೋಡುವ ನೆಪದಲ್ಲಿ ಎರಡೂ ಕೈಗಳನ್ನು ಕಂಬಳಿಯೊಳಗೆ ತೂರಿಸಿದ.

"ಸಾಕು ಭೋಜಣ್ಣ," ಎಂದರು ಸೋಫಾದಿಂದ ಕಲ್ಯಾಣಿಯಮ್ಮ. "ಪದೇ ಪದೇ ತೆಗೆದ್ರೆ ಬಿಸಿ ಹೊರಟುಹೋಗತ್ತೆ."

ಅವನು ಕೈ ಹೊರತೆಗೆದು, ಕಂಬಳಿಯ ಅಂಚನ್ನು ಪಾತ್ರೆಯ ಸುತ್ತ ಒತ್ತಿ ಸಿಕ್ಕಿಸಿದ.