ತಾಟಿಗೆ ಬಂದ ಪಾರ್ಸ್ಲಿ

ಪುಣೆಯ ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುವ ನಮ್ಮ ಅಳಿಯ ನಮ್ಮೂರು ಇಂಡಿಗೆ ಬರುವಾಗ ಒಂದು ಕಟ್ಟು ಪಾರ್ಸ್ಲಿ ಸೊಪ್ಪು ತಂದಿದ್ದ. ನೋಡಲು ಥೇಟ್ ಕೋತಂಬರಿ, ಗತ್ತು ಮಾತ್ರ ವಾಡೆಯ ಗೌಡರದು. ಎಣ್ಣೆಗಾಯಿಯ ಮೇಲೆ ಅದರ ಎಸಳುಗಳನ್ನು ಚುಚ್ಚಿ ನಿಲ್ಲಿಸಿ, ಅಳಿಯ ಪಾಠ ಶುರು ಮಾಡಿದ.

“ಇದರ ಹೆಸರು ಗ್ರೀಕರದ್ರಿ ಮಾವಾರ. ಕಲ್ಲಿನ ಮ್ಯಾಲ ಬೆಳಿಯೂ ಸೆಲರಿ ಸೊಪ್ಪು ಅಂತ ಅರ್ಥ.”

ರೊಟ್ಟಿಯ ಜೊತೆ ಹಸಿ ಮೆಂತ್ಯ, ಹತ್ತರಕಿ ಸೊಪ್ಪು ಮುರಿದು ತಿನ್ನುವ ಜನ ನಾವು. ಅವನು ಗ್ರೀಸಿನಿಂದ ಇಳಿದು ಬರುವಷ್ಟರಲ್ಲಿ ಎಸಳೆಲ್ಲ ನಮ್ಮ ಹೊಟ್ಟೆ ಸೇರಿದ್ದವು.

“ಅಯ್ಯ, ಅದು ಬರೇ ನೋಡಾಕ್ರಿ!” ಎಂದು ಅಳಿಯ ಕಣ್ಣು ಕಣ್ಣು ಬಿಟ್ಟ.

ನನ್ನ ಹೆಂಡತಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ನೋಡಾಕಷ್ಟ ಇದ್ರ ಆ ಕಲ್ಲಿನ ಮ್ಯಾಲನ ಬಿಡಬೇಕಿತ್ತಲ್ರಿ ಅಳಿಯಂದ್ರ, ತಾಟಿಗ್ಯಾಕ ತಂದ್ರಿ?”