ಮೂರನೆಯ ಚೀಟಿ

ಯಾರಾದರೂ "ನನಗೊಂದು ವಿಚಿತ್ರ ಅನುಭವ ಆಗಿತ್ತು" ಎಂದು ಮಾತು ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಒಳಗೆ ಹೋಗುತ್ತಿದ್ದೆ. ಹೇಳುವವರಲ್ಲಿ ಅರ್ಧ ಜನ ಸುಳ್ಳು ಹೇಳುತ್ತಾರೆ, ಇನ್ನರ್ಧ ಜನಕ್ಕೆ ಅವತ್ತು ಜ್ವರ ಬಂದಿರುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನನಗೆ ಆ ದಿನ ಜ್ವರ ಇರಲಿಲ್ಲ. ಸುಳ್ಳು ಹೇಳಿದ್ದು ಮಾತ್ರ ಹೌದು, ಆದರೆ ಅದು ಈ ಘಟನೆಗೆ ಕೆಲವು ದಿನ ಮುಂಚೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಆರೇಳು ವರ್ಷಗಳ ಹಿಂದೆ ನಾನು ಕೊಪ್ಪದಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದೆ. ಜಯಪುರದಿಂದ ದಿನಾ ಬಸ್ಸು. ಐಚ್ಛಿಕ ಕನ್ನಡದವರೆಲ್ಲ ಒಂದೊಂದು ಕಿರುಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಫ್ಯಾಂಟಸಿ ಸಾಹಿತ್ಯ, ಅಂದರೆ ಹಾರುವ ಕುದುರೆ, ಮಾತಾಡುವ ಮರ, ನಕ್ಷೆಯಲ್ಲಿಲ್ಲದ ಊರು ಇವೆಲ್ಲ ಬರುವ ಅದ್ಭುತ ಕಥೆಗಳು. ಕಥೆಗಳು ಬೇಕಾದಷ್ಟು ಸಿಕ್ಕವು. ಸಿಗದೆ ಸತಾಯಿಸಿದ್ದು ಆ ಕಥೆಗಳ ಬಗ್ಗೆ ವಿಮರ್ಶಕರು ಬರೆದ ಲೇಖನಗಳು. ನಮ್ಮ ಮೇಷ್ಟ್ರು ಅವನ್ನು ಆನುಷಂಗಿಕ ಆಕರ ಎಂದು ಕರೆಯುತ್ತಿದ್ದರು. ಕನಿಷ್ಠ ಐದು ಇರಲೇಬೇಕು, ಫೋನಿನಲ್ಲಿ ಸಿಕ್ಕಿದ್ದು ಲೆಕ್ಕಕ್ಕಿಲ್ಲ ಎಂದಿದ್ದರು. ತಿಣುಕಿ ತಿಣುಕಿ ನನಗೆ ನಾಲ್ಕು ಸಿಕ್ಕವು.

ಐದನೆಯದನ್ನು ಬಸ್ಸಿನಲ್ಲಿ ಕೂತು ಹುಟ್ಟಿಸಿದೆ. ಯಾರ ಕೈಗೂ ಸಿಗಬಾರದೆಂದು, ಎಂದೋ ನಿಂತುಹೋದ ಮಾಸಪತ್ರಿಕೆಯೊಂದರ ಹೆಸರು ಹಾಕಿದೆ. ಬಸ್ಸಿನ ಕಂಡಕ್ಟರನ ಹೆಸರಿಗೆ ಗೆಳತಿಯ ಮನೆತನದ ಹೆಸರು ಸೇರಿಸಿ ಒಬ್ಬ ವಿಮರ್ಶಕನನ್ನು ತಯಾರಿಸಿದೆ. ಆ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗೆ ಇಂದಿಗೂ ಇಲ್ಲ. ಲೇಖನಕ್ಕೊಂದು ಶೀರ್ಷಿಕೆ ಇಟ್ಟು, ಪುಟಸಂಖ್ಯೆಗೆ ನನ್ನ ಹಾಜರಿ ನಂಬರು ನಲವತ್ತೇಳನ್ನೇ ಕೊಟ್ಟೆ. ಆ ವಿಮರ್ಶಕನ ಬಾಯಲ್ಲಿ ಒಂದು ವಾಕ್ಯವನ್ನೂ ಆಡಿಸಿದೆ: "ಅದ್ಭುತ ಕಥೆಯನ್ನು ಓದುಗ ನಂಬಬೇಕಾಗಿಲ್ಲ, ಕಥೆ ಓದುಗನನ್ನು ನಂಬಿದರೆ ಸಾಕು." ಹಾಗೆಂದರೇನು ಎಂದು ಯಾರಾದರೂ ಕೇಳಿದ್ದರೆ ಹಲ್ಲು ಕಿರಿಯುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ಆ ವಯಸ್ಸಿಗೆ ಅದು ಭಾರೀ ಮಾತಾಗಿ ಕಂಡಿತ್ತು.

ಸೋಮವಾರ ಮೇಷ್ಟ್ರು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದರೆ ಅವರ ಮುಖ ಅರಳಿತ್ತು.

"ಎಲ್ಲಿ ಸಿಕ್ತೇ ಮಾರಾಯ್ತಿ ಈ ಲೇಖನ? ಇಷ್ಟು ವರ್ಷದಿಂದ ಇದೇ ವಿಷ್ಯ ಓದ್ತಾ ಇದೀನಿ, ನನ್ ಕಣ್ಣಿಗೇ ಬಿದ್ದಿರ್ಲಿಲ್ಲ. ಶನಿವಾರದ ಸೆಮಿನಾರಿಗೆ ನಾನು ಓದೋ ಪೇಪರಿನಲ್ಲಿ ಈ ಮಾತು ಹಾಕ್ಕೊಂಡಿದೀನಿ. ಮೂಲ ಒಂದ್ಸಲ ತಂದ್ಕೊಡು."

ಮೇಷ್ಟ್ರು ನಿವೃತ್ತಿಯ ಹತ್ತಿರ ಇದ್ದರು. ಹೊರಗಿನ ವಿದ್ವಾಂಸರೆಲ್ಲ ಸೇರುವ ಸಭೆಯಲ್ಲಿ ಅವರು ಪ್ರಬಂಧ ಓದುತ್ತಿದ್ದುದು ಅದೇ ಮೊದಲು. ಯಾರಾದರೂ ಎದ್ದು ನಿಂತು ಅದು ಯಾವ ಸಂಚಿಕೆ, ಯಾರು ಆ ವಿಮರ್ಶಕ ಎಂದು ಕೇಳಿದರೆ ಮಾನ ಹೋಗುವುದು ಅವರದು. ಆ ಕ್ಷಣವೇ ಬಾಯಿ ಬಿಡಬೇಕಿತ್ತು. "ಯಾರದೋ ಮನೇಲಿ ನೋಡಿ ಬರ್ಕೊಂಡಿದ್ದೆ ಸರ್. ಲೈಬ್ರರೀಲಿ ಹುಡುಕ್ತೀನಿ" ಎಂದುಬಿಟ್ಟೆ.

ಹಾಗೆ ಹೇಳುವುದಕ್ಕೆ ಒಂದು ಕಾರಣವಿತ್ತು. ಮೇಷ್ಟ್ರದೊಂದು ಪದ್ಧತಿ ಇತ್ತು. ಲೇಖಕ, ಲೇಖನ, ಪತ್ರಿಕೆ, ಪುಟ ಇಷ್ಟನ್ನು ಚೀಟಿಯಲ್ಲಿ ಬರೆದು ಗ್ರಂಥಾಲಯದವರಿಗೆ ಕೊಡಬೇಕು. ಅವರು ಹುಡುಕಿ, ಇದೆ ಅಥವಾ ಇಲ್ಲ ಎಂದು ಬರೆದು ಸಹಿ ಹಾಕಬೇಕು. ಮೂರು ಊರಿನ ಚೀಟಿಯಲ್ಲೂ ಇಲ್ಲ ಎಂದು ಬಂದರೆ ಆ ಆಕರವನ್ನು ಮೇಷ್ಟ್ರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಸ್ವತಃ ಕಾಣದ ಲೇಖನವನ್ನು ಅವರು ಎಂದೂ ಉಲ್ಲೇಖಿಸಿದವರಲ್ಲ. ನನ್ನನ್ನು ನಂಬಿ ಈ ಒಂದು ಸಲ ಆತುರಪಟ್ಟಿದ್ದರು. ಮೂರು ಚೀಟಿ ತಂದುಕೊಟ್ಟರೆ ಅವರ ಪ್ರಬಂಧದಿಂದ ಆ ವಾಕ್ಯ ಬಿದ್ದುಹೋಗುತ್ತದೆ, ನಾನೂ ಬಚಾವಾಗುತ್ತೇನೆ ಎಂಬುದು ನನ್ನ ಉಪಾಯ. ನನ್ನ ಸುಳ್ಳನ್ನು ಮುಚ್ಚಲು ಮೂರು ಜನರ ಸಹಿ ಬೇಕಾಗಿತ್ತು.

ಮಂಗಳವಾರ ಕೊಪ್ಪದ ಗ್ರಂಥಾಲಯದಲ್ಲಿ ಅಲ್ಲಿದ್ದ ಹೆಂಗಸು ತಲೆಯನ್ನೂ ಎತ್ತದೆ ಇಲ್ಲ ಎಂದು ಬರೆದುಕೊಟ್ಟರು. ಬುಧವಾರ ಶೃಂಗೇರಿಗೆ ಹೋದೆ. ಅಲ್ಲಿ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ನನ್ನ ಚೀಟಿಯನ್ನು ಶ್ರದ್ಧೆಯಿಂದ ಓದಿ ಏಣಿ ಹತ್ತಿದರು. ಒಂದು ಗಂಟೆ ಹುಡುಕಿದರು. ಧೂಳಿಗೆ ಕೆಮ್ಮುತ್ತಾ ಇಳಿದು ಬಂದು "ಸಿಗ್ಲಿಲ್ಲ ಕೂಸೇ, ಅಷ್ಟು ದೂರದಿಂದ ಬಂದಿದ್ದೆ ನೀನು" ಎಂದು ಬೇಜಾರು ಮಾಡಿಕೊಂಡರು. ಇಲ್ಲದ ವಸ್ತುವಿಗಾಗಿ ಆ ಹಿರಿಯರನ್ನು ಏಣಿ ಹತ್ತಿಸಿದೆನಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ಚೀಟಿ ತೆಗೆದುಕೊಂಡೇ ಬಂದೆ.

ಗುರುವಾರ ಮಧ್ಯಾಹ್ನ ನರಸಿಂಹರಾಜಪುರದಲ್ಲಿ ಇಳಿದೆ. ಅಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅಂಗಡಿಯ ಮನೆಯವರೇ ನಡೆಸುವ ಚಿಕ್ಕ ವಾಚನಾಲಯವಿತ್ತು. ಹಣೆಗೆ ವಿಭೂತಿ ಹಚ್ಚಿದ್ದ ಯಜಮಾನರು ಚೀಟಿ ಓದಿ "ಕೂತ್ಕಳಮ್ಮ" ಎಂದು ಒಳಗೆ ಹೋದರು. ನಾನು ನಿರಾಳವಾಗಿದ್ದೆ. ನಾಲ್ಕು ಗಂಟೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ.

ಅವರು ರಟ್ಟು ಹಾಕಿ ಹೊಲಿದಿದ್ದ ದಪ್ಪ ಸಂಪುಟವೊಂದನ್ನು ತಂದು ನನ್ನ ಮುಂದಿಟ್ಟು ಪುಟ ತೆಗೆದರು. "ಇದೇ ಅಲ್ವಾ?"

ನಲವತ್ತೇಳನೆಯ ಪುಟ. ಮೇಲೆ ನಾನು ಕೊಟ್ಟ ಶೀರ್ಷಿಕೆ, ಕೆಳಗೆ ನಾನು ಜೋಡಿಸಿದ ಹೆಸರು. ಎರಡನೆಯ ಪ್ಯಾರಾದ ನಡುವೆ ನನ್ನ ವಾಕ್ಯ, ಅಲ್ಪವಿರಾಮ ಸಮೇತ.

ಮೊದಲು ಬಂದದ್ದು ಸಿಟ್ಟು. ಯಾರೋ ನನ್ನನ್ನು ಆಟ ಆಡಿಸುತ್ತಿದ್ದಾರೆ ಎನಿಸಿತು. ಹಾಳೆಯನ್ನು ಬೆರಳಿನಿಂದ ತಿಕ್ಕಿ ನೋಡಿದೆ. ಕಂದು ಬಣ್ಣಕ್ಕೆ ತಿರುಗಿದ ಹಳೇ ಕಾಗದ. ಹುಳ ಕೊರೆದ ತೂತೊಂದು ಹಿಂದಿನ ಪುಟದಿಂದ ಈ ಪುಟಕ್ಕೆ, ಇಲ್ಲಿಂದ ಮುಂದಿನದಕ್ಕೆ ನೇರವಾಗಿ ಹೋಗಿತ್ತು. ಹೊಲಿಗೆ ಎಲ್ಲೂ ಬಿಚ್ಚಿರಲಿಲ್ಲ. ಪರಿವಿಡಿಯಲ್ಲೂ ಹೆಸರಿತ್ತು. ಲೇಖನ ಐದು ಪುಟವಿತ್ತು. ಆ ಒಂದು ವಾಕ್ಯ ಬಿಟ್ಟು ಉಳಿದದ್ದೆಲ್ಲ ನಾನು ಯೋಚನೆ ಕೂಡ ಮಾಡದೇ ಇದ್ದ ಮಾತುಗಳು, ನನ್ನ ಕೈಲಿ ಬರೆಯಲಾಗದಷ್ಟು ಚೆನ್ನಾಗಿದ್ದವು. ಎರಡು ಸಲ ಓದಿದೆ. ಕೆಳಗೆ ಅಂಗಡಿಯಲ್ಲಿ ಯಾರೋ ಟವೆಲ್ಲಿಗೆ ಚೌಕಾಸಿ ಮಾಡುತ್ತಿದ್ದರು.

"ಇದು ಎಷ್ಟು ವರ್ಷದಿಂದ ಇಲ್ಲಿದೆ?" ಎಂದು ಕೇಳಿದೆ.

"ನಮ್ಮಪ್ಪಾರ ಕಾಲದ್ದು. ಇದನ್ನ ಕೇಳ್ಕಂಡು ಬಂದೋರು ನೀವೇ ಮೊದ್ಲು" ಎಂದು ಯಜಮಾನರು ಚೀಟಿಯ ಮೇಲೆ "ಇದೆ" ಎಂದು ಬರೆದು ಸಹಿ ಹಾಕಿದರು. ಜೆರಾಕ್ಸ್ ಮಾಡಿಸಿಕೊಂಡು ಬರಲು ಸಂಪುಟವನ್ನೂ ಕೊಟ್ಟರು. ಜೆರಾಕ್ಸಿನವನು ಹಾಳೆಗಳನ್ನು ಕೈಗಿಟ್ಟಾಗಲೂ ಅವು ಖಾಲಿ ಇರುತ್ತವೆ ಎಂದೇ ನಾನು ಕಾದಿದ್ದೆ. ಖಾಲಿ ಇರಲಿಲ್ಲ.

ಆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಈಗ ಒಪ್ಪಿಕೊಳ್ಳುವ ಅಗತ್ಯವೇ ಇಲ್ಲ, ಮೇಷ್ಟ್ರ ಮಾನ ಉಳಿಯಿತು, ನನ್ನದೂ ಉಳಿಯಿತು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಶುಕ್ರವಾರ ಬೆಳಿಗ್ಗೆ ಅವರ ಕೊಠಡಿಗೆ ಹೋಗಿ ಮೂರು ಚೀಟಿಯನ್ನೂ ಜೆರಾಕ್ಸನ್ನೂ ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಹೇಳಿದೆ. "ಸರ್, ಇದು ಸುಳ್ಳು. ಈ ಲೇಖನ ಇಲ್ವೇ ಇಲ್ಲ. ಬಸ್ಸಲ್ಲಿ ಕೂತು ನಾನೇ ಹುಟ್ಟಿಸಿದ್ದು."

ಮೇಷ್ಟ್ರು ಜೆರಾಕ್ಸ್ ನೋಡಿದರು, ಸಹಿ ನೋಡಿದರು, ನನ್ನ ಮುಖ ನೋಡಿದರು.

"ಎಂತ ಸುಳ್ಳು? ಇಲ್ಲೇ ಇದ್ಯಲ್ಲೇ."

"ಇದೆ ಸರ್. ಆದ್ರೆ ಇರ್ಲಿಲ್ಲ."

"ಮೂರು ದಿನ ಬಸ್ಸಲ್ಲಿ ಅಲ್ದು ತಲೆ ಕೆಟ್ಟಿದೆ ನಿಂಗೆ. ಮನೆಗೆ ಹೋಗಿ ಮಲಗು, ಹೋಗು" ಎಂದು ನಕ್ಕು, ಆಗಲೇ ಓದಲು ಶುರು ಮಾಡಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬಂದೆ.

ಶನಿವಾರ ನಾನು ಹೆದರಿದ್ದೇ ಆಯಿತು. ಸಭೆಯಲ್ಲಿ ಒಬ್ಬರು ಎದ್ದು ಆ ವಿಮರ್ಶಕರ ಹೆಸರೇ ಕೇಳಿಲ್ಲವಲ್ಲ ಎಂದರು. ಮೇಷ್ಟ್ರು ಜೆರಾಕ್ಸ್ ಎತ್ತಿ ತೋರಿಸಿ, ಹುಡುಕಿ ತಂದದ್ದು ನಮ್ಮ ವಿದ್ಯಾರ್ಥಿನಿ ಎಂದು ನನ್ನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈಮುಗಿದೆ.

ಚಿಕ್ಕಂದಿನಲ್ಲಿ ಎಲ್ಲೋ ಓದಿ ಮರೆತಿದ್ದೆನೇನೋ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಹಾಗಾದರೆ ಕಂಡಕ್ಟರನ ಹೆಸರು? ನನ್ನ ಹಾಜರಿ ನಂಬರು? ನರಸಿಂಹರಾಜಪುರಕ್ಕೆ ಆಮೇಲೆ ಹಲವು ಸಲ ಹೋಗಿದ್ದೇನೆ, ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಲೇಖನ ಈಗ ಅಲ್ಲಿ ಇಲ್ಲದಿದ್ದರೆ ಏನು ಮಾಡಲಿ? ಇದ್ದರೆ ತಾನೇ ಏನು ಮಾಡಲಿ? ನನಗೆ ತಿಳಿಯದು.

ನಿವೃತ್ತರಾದ ಮೇಲೂ ಮೇಷ್ಟ್ರು ಸಿಕ್ಕಿದಲ್ಲೆಲ್ಲ ನನ್ನನ್ನು ಹೊಗಳುತ್ತಾರೆ. ಕಳೆದ ತಿಂಗಳು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕಾಲೇಜು ಹುಡುಗಿಯರನ್ನು ನಿಲ್ಲಿಸಿ, "ಒಂದು ಲೇಖನಕ್ಕೆ ಮೂರು ತಾಲ್ಲೂಕು ಸುತ್ತಿದ್ದಳು ಇವಳು. ಪ್ರಾಮಾಣಿಕತೆ ಅಂದ್ರೆ ಹಂಗಿರ್ಬೇಕು" ಎಂದರು. ಹುಡುಗಿಯರು ನನ್ನನ್ನು ಗೌರವದಿಂದ ನೋಡಿದರು. ನನಗೆ ತಡೆಯಲಾಗಲಿಲ್ಲ. "ಸರ್, ಅವತ್ತು ನಾನು ಹೇಳಿದ್ದು ನಿಜ ಸರ್" ಎಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನೋಡಿ, ವಿನಯ ಬೇರೆ" ಎಂದರು.