ಕೊಲಂಬೊದಲ್ಲಿ ನಾನು ಆಡಿದ ಮಾತು

ಡೋಲ್ಮಾ ಕೊಲಂಬೊಗೆ ಹೋಗುವುದನ್ನು ತಪ್ಪಿಸಿದವಳು ನಾನು. ಅವಳ ಬದಲು ಹೋದವಳೂ ನಾನೇ. ಇಷ್ಟು ವರ್ಷ ಅದನ್ನು ನನ್ನ ಅದೃಷ್ಟವೆಂದೇ ಹೇಳಿಕೊಂಡು ಬಂದೆ — ಅವಳ ಎದುರಿಗೂ.

ಕುಶಾಲನಗರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಸೋಮವಾರಪೇಟೆ ಕಡೆಯ ಏಲಕ್ಕಿ ವ್ಯಾಪಾರಿಯ ಮಗಳು. ಅವಳು ಕಾವೇರಿಯ ಆಚೆ ದಡದ ಟಿಬೆಟನ್ ಕ್ಯಾಂಪಿನವಳು. ಅವಳಪ್ಪ ಹುಟ್ಟಿದ್ದೂ ಅಲ್ಲೇ, ಅವಳು ಹುಟ್ಟಿದ್ದೂ ಅಲ್ಲೇ. ರಜೆಯಲ್ಲಿ ನಮ್ಮ ಮನೆಗೆ ಬಂದರೆ ಅಜ್ಜಿಯ ಪಕ್ಕ ಕೂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ನಿಮ್ಮೂರು ಯಾವುದು ಮಗಾ ಎಂದು ಅಜ್ಜಿ ಕೇಳಿದ್ದಕ್ಕೆ, "ಇಲ್ಲೇ ಅಜ್ಜಿ, ಹೊಳೆ ಆಚೆ" ಎಂದಿದ್ದಳು. ಅಜ್ಜಿಗೆ ಅಷ್ಟು ಸಾಕಾಗಿತ್ತು. ನನಗೂ ಸಾಕಾಗಿತ್ತು — ಆ ಸಮಾವೇಶದ ಸುದ್ದಿ ಬರುವವರೆಗೆ.

ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳೆಲ್ಲ ಕೊಲಂಬೊದಲ್ಲಿ ಸೇರುತ್ತಾರೆ, ನಮ್ಮ ಕಾಲೇಜಿನಿಂದ ಒಬ್ಬರು ಹೋಗಬಹುದು ಎಂದರು. ನನ್ನ ದೇಶ ದೊಡ್ಡದೋ, ನಾವೆಲ್ಲ ಸೇರಿರುವ ಈ ನೆರೆಹೊರೆ ದೊಡ್ಡದೋ — ಇದು ಅಲ್ಲಿನ ಚರ್ಚೆ. ಆಯ್ಕೆಗಾಗಿ ನಮ್ಮಿಂದ ಭಾಷಣ ಮಾಡಿಸಿದರು. ನಾನು ಬಾವುಟ, ಸೈನಿಕರು ಎಂದು ಬಾಯಿಪಾಠ ಒಪ್ಪಿಸಿದೆ. ಡೋಲ್ಮಾ ಬರಿಗೈಯಲ್ಲಿ ಎದ್ದು ನಿಂತಳು.

"ನನಗೆ ಎರಡು ರಾಷ್ಟ್ರಗೀತೆ ಬರುತ್ತೆ. ಒಂದನ್ನ ಇಲ್ಲಿ ಹಾಡ್ತೀನಿ, ಇನ್ನೊಂದನ್ನ ಕ್ಯಾಂಪಲ್ಲಿ. ಎರಡಕ್ಕೂ ನೆಟ್ಟಗೆ ನಿಲ್ತೀನಿ. ಒಂದಕ್ಕೆ ಎದ್ದು ನಿಂತ್ರೆ ಇನ್ನೊಂದಕ್ಕೆ ಬೆನ್ನು ಹಾಕಿದ ಹಾಗಲ್ಲ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಅದು ನಾಟಕವಾಗಿರಲಿಲ್ಲ. ಆದರೆ ಹೋಗುವ ಆಸೆ — ಅದೂ ಸುಳ್ಳಾಗಿರಲಿಲ್ಲ.

ಮಾರನೆಯ ದಿನ ಮೇಷ್ಟ್ರು ನನ್ನನ್ನು ಕರೆದು, ಡೋಲ್ಮಾಳನ್ನೇ ಕಳಿಸೋಣವೆಂದಿದ್ದೇವೆ, ಅವಳು ಹೊರದೇಶಕ್ಕೆ ಹೋಗಲು ಆಗುತ್ತದಾ, ನೀನು ಅವಳ ಸ್ನೇಹಿತೆ, ನಿನಗೆ ಗೊತ್ತಿರಬೇಕು ಎಂದರು. ಗೊತ್ತಿತ್ತು. ಟಿಬೆಟನ್ನರಿಗೆ ಪಾಸ್‌ಪೋರ್ಟಿನ ಬದಲು ನಮ್ಮ ಸರ್ಕಾರವೇ ಕೊಡುವ ಹಳದಿ ಪುಸ್ತಕ ಹಿಡಿದು ಅವಳಣ್ಣ ವಿದೇಶಕ್ಕೆ ಹೋಗಿದ್ದ. ಓಡಾಡಿದರೆ ಅವಳಿಗೂ ಸಿಗುತ್ತಿತ್ತು, ಅದಕ್ಕೆ ಸಮಯವೂ ಇತ್ತು. ನಾನು ಹೇಳಿದ್ದು ಇಷ್ಟು:

"ಅವಳ ಹತ್ರ ಪಾಸ್‌ಪೋರ್ಟ್ ಇಲ್ಲ ಸಾರ್. ಅವಳು ನಮ್ಮ ದೇಶದವಳಲ್ವಲ್ಲ."

ಸುಳ್ಳಿನ ಹಾಗೆ ಕೇಳಿಸಲಿಲ್ಲ — ಅದಕ್ಕೇ ಇರಬೇಕು, ನನ್ನ ನಾಲಿಗೆ ತೊದಲಲಿಲ್ಲ. ಮೇಷ್ಟ್ರು ಪಾಪ ಎಂದರು. ಹಾಗಾದರೆ ನೀನೇ ಹೊರಡು ಎಂದರು.

ನಾನು ಹೊರಟ ದಿನ, ಇದೊಂದೂ ಗೊತ್ತಿಲ್ಲದ ಡೋಲ್ಮಾ ಬಸ್‌ಸ್ಟ್ಯಾಂಡಿಗೆ ಬಂದಳು. ಅವರ ಪದ್ಧತಿಯಂತೆ ಬಿಳಿ ರೇಷ್ಮೆ ಶಾಲು ನನ್ನ ಕೊರಳಿಗೆ ಹಾಕಿ, ಚೆನ್ನಾಗಿ ಮಾತಾಡು ಅಂದಳು. ಅವಳ ಮುಖ ನೋಡಲಾಗದೆ ನಾನು ಬೇಗ ಬಸ್ಸು ಹತ್ತಿದೆ.

ಕೊಲಂಬೊದಲ್ಲಿ ಚರ್ಚೆ ಜಗಳದ ಹಂತಕ್ಕೆ ಹೋಗಿತ್ತು. ನನ್ನ ಸರದಿ ಬಂದಾಗ ಬಾಯಿಪಾಠವೆಲ್ಲ ಮರೆತುಹೋಯಿತು. ಆಗ ನಾನು — ಅವಳ ಮಾತನ್ನೇ ಆಡಿದೆ: ಒಂದಕ್ಕೆ ಎದ್ದು ನಿಂತರೆ ಇನ್ನೊಂದಕ್ಕೆ ಬೆನ್ನು ಹಾಕಿದ ಹಾಗಲ್ಲ. ಅವಳನ್ನು ಬಿಟ್ಟು, ಅವಳ ಮಾತನ್ನಷ್ಟೇ. ಸಭೆ ಶಾಂತವಾಯಿತು. ಮಾಲ್ಡೀವ್ಸಿನ ಹುಡುಗಿಯೊಬ್ಬಳು ಬಂದು ಅಪ್ಪಿಕೊಂಡು, ಇಂಥ ಯೋಚನೆ ನಿನಗೆ ಹೇಗೆ ಬಂತು ಎಂದು ಕೇಳಿದಳು. ನಮ್ಮ ಕಡೆ ಎಲ್ಲರೂ ಹೀಗೇ ಯೋಚಿಸುತ್ತೇವೆ ಎಂದೆ.

ಈಗ ನಾನು ಮೂರ್ನಾಡಿನಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಮಲಯಾಳಿ ಮನೆಯ ವಿದ್ಯಾರ್ಥಿನಿಯೊಬ್ಬಳು, ಅಜ್ಜನ ಊರಿಗೆ ಹೋದರೆ ನನ್ನನ್ನು ಕೊಡಗಿನವಳು ಅಂತಾರೆ, ಇಲ್ಲಿ ಕೇರಳದವಳು ಅಂತಾರೆ, ನಾನು ಯಾರು ಮಿಸ್ ಎಂದಳು. ಅದೇ ಮಾತು ನಾಲಿಗೆಯ ತುದಿಗೆ ಬಂತು. ಈ ಸಲ ಆಡಲಾಗಲಿಲ್ಲ. ನಾಳೆ ಹೇಳುತ್ತೇನೆ ಎಂದು, ಸಂಜೆ ನೇರ ಡೋಲ್ಮಾಳ ಮನೆಗೆ ಹೋದೆ.

ಅವಳೀಗ ಕ್ಯಾಂಪಿನ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿದಳು. ಆಮೇಲೆ, ಅಲ್ಲಿನವರಿಗೆ ಆ ಮಾತು ಹಿಡಿಸಿತಾ ಎಂದು ಕೇಳಿದಳು. ತುಂಬ ಹಿಡಿಸಿತು ಎಂದೆ.

"ಸಾರ್ ಹತ್ರ ಹೇಳಿದ್ದು ಬಿಡು. ಅಲ್ಲಿ ನನ್ನ ಹೆಸರು ಹೇಳಬಹುದಿತ್ತು ಕಣೆ," ಅಂದಳು. "ಅದಕ್ಕೆ ಪಾಸ್‌ಪೋರ್ಟ್ ಬೇಕಿರಲಿಲ್ಲ."

ಬಯ್ಯಲಿಲ್ಲ. ಊಟ ಹಾಕದೆ ಕಳಿಸಲೂ ಇಲ್ಲ.

ಮಾರನೆಯ ದಿನ ಆ ಹುಡುಗಿಗೆ ಉತ್ತರ ಹೇಳಿದೆ, ಯಾರ ಮಾತೆಂದೂ ಹೇಳಿದೆ. ಕೊಲಂಬೊದಲ್ಲಿ ಕೇಳಿಸಿಕೊಂಡವರು ಈಗ ಎಲ್ಲೆಲ್ಲಿದ್ದಾರೋ — ಅವರಿಗೆ ಅದು ಇವತ್ತಿಗೂ ನನ್ನ ಮಾತೇ.